ಪೆಟ್ಟಿಗೆ ಕಟ್ಟುವ ಮೊದಲು: ಕಾಸರಗೋಡಿನಿಂದ ಗಲ್ಫಿಗೆ ಹೊರಡುವವರಿಗೆ

ಗಲ್ಫಿಗೆ ಹೊರಟವರ ಮನೆಯಲ್ಲಿ ಮೊದಲು ಶುರುವಾಗುವುದು ಹಪ್ಪಳ, ಉಪ್ಪಿನಕಾಯಿ, ತೆಂಗಿನೆಣ್ಣೆಯ ಗಡಿಬಿಡಿ. ಅದು ಕೊನೆಯ ಎರಡು ದಿನದ ಕೆಲಸ. ಮೂರು ತಿಂಗಳ ಮೊದಲೇ ಕೈಹಾಕಬೇಕಾದ್ದು ಹೆಸರಿಗೆ. ನಮ್ಮ ಗಡಿಯೂರಿನವರಲ್ಲಿ ಜನನ ಪ್ರಮಾಣಪತ್ರ ಪಂಚಾಯತಿನಲ್ಲಿ ಮಲೆಯಾಳದಲ್ಲಿ ಬರೆಸಿದ್ದು, ಶಾಲೆ ಕನ್ನಡ ಮಾಧ್ಯಮದ್ದು, ಡಿಗ್ರಿ ಮಂಗಳೂರಿನದ್ದು. ಒಂದೇ ಹೆಸರನ್ನು ಮೂರು ಕಡೆ ಮೂವರು ತಮಗೆ ತೋಚಿದಂತೆ ಇಂಗ್ಲಿಷಿಗೆ ಇಳಿಸಿರುತ್ತಾರೆ.

ಒಂದು ಸಂಜೆ ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಪುಸ್ತಕ, ಡಿಗ್ರಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಮದುವೆಯ ಪ್ರಮಾಣಪತ್ರ ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಬಿಳಿ ಹಾಳೆಯೊಂದರಲ್ಲಿ ಒಂದೊಂದು ದಾಖಲೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರದ ಕೆಳಗೆ ಅಕ್ಷರ ಬರುವಂತೆ ಒಂದರ ಅಡಿಯಲ್ಲಿ ಒಂದು ಬರೆಯಿರಿ. ಕಣ್ಣಳತೆಯಲ್ಲಿ ಓದಿದರೆ ತಪ್ಪು ಕಾಣುವುದಿಲ್ಲ, ಬರೆದಾಗ ಕಾಣುತ್ತದೆ. ಭಟ್ ಎಂಬುದಕ್ಕೆ ಕೊನೆಯಲ್ಲಿ ಒಂದು ‘ಟಿ’ಯೋ ಎರಡೋ, ಶೆಟ್ಟಿ ಮುಗಿಯುವುದು ‘ವೈ’ಯಿಂದಲೋ ‘ಐ’ಯಿಂದಲೋ, ಅಬ್ದುಲ್ಲದ ಕೊನೆಗೆ ‘ಎಚ್’ ಇದೆಯೋ ಇಲ್ಲವೋ, ಶಾಲೆಯಲ್ಲಿ ‘ಕೆ.’ ಎಂದಿದ್ದ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಮನೆಹೆಸರಾಗಿ ಬಿಡಿಸಿಕೊಂಡಿದೆಯೋ. ನಿಮ್ಮ ಹೆಸರು ಮಾತ್ರವಲ್ಲ, ತಂದೆ, ತಾಯಿ, ಗಂಡ ಅಥವಾ ಹೆಂಡತಿಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಇವಕ್ಕೂ ಇದೇ ಪರೀಕ್ಷೆ. ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕುವಾಗ ಮದುವೆಯ ಪ್ರಮಾಣಪತ್ರದಲ್ಲಿರುವ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಕಷ್ಟ ಎಸ್‌ಎಸ್‌ಎಲ್‌ಸಿ ಪುಸ್ತಕ ತಿದ್ದಿಸುವುದು. ಆದ್ದರಿಂದ ಆದಷ್ಟು ಮಟ್ಟಿಗೆ ಉಳಿದವುಗಳನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರಿರುವವರು ನಮ್ಮಲ್ಲಿ ಬಹಳ. ಸರ್‌ನೇಮ್ ಎಂಬ ಜಾಗ ಖಾಲಿ. ಯುಎಇ 2022ರ ನವೆಂಬರ್ 21ರಿಂದ ಇಂಥವರಿಗೆ ವಿಸಿಟ್ ಮತ್ತು ಟೂರಿಸ್ಟ್ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂದು ಸಡಿಲಿಸಿತು. ಹಾಗೆಂದು ಸುಮ್ಮನಿರಬೇಡಿ. ಹೇಗೂ ಪಾಸ್‌ಪೋರ್ಟ್ ನವೀಕರಿಸುವ ಹೊತ್ತು ಬಂದಿದ್ದರೆ ಆಗಲೇ ಎರಡು ಭಾಗದ ಹೆಸರು ಮಾಡಿಸಿಕೊಳ್ಳಿ. ಟಿಕೆಟ್ ಬುಕ್ ಮಾಡುವಾಗಲೂ ಪಾಸ್‌ಪೋರ್ಟಿನ ಹೆಸರನ್ನೇ ಹಾಕಬೇಕು. ಕರೆಯುವ ಹೆಸರು, ಚಂದದ ಹೆಸರು ಅಲ್ಲಿ ನಡೆಯುವುದಿಲ್ಲ.

ಹೋಗುವ ದಿನಕ್ಕೆ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಎರಡು ಪುಟವಾದರೂ ಖಾಲಿಯಿರಬೇಕು. ಕಾಸರಗೋಡು ಜಿಲ್ಲೆ ಕೋಝಿಕ್ಕೋಡ್ ಪ್ರಾದೇಶಿಕ ಕಚೇರಿಗೆ ಸೇರಿದ್ದು. ಅರ್ಜಿ ಆನ್‌ಲೈನಿನಲ್ಲಿ ಹಾಕಿ, ಕಾಸರಗೋಡಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೋ ಪಯ್ಯನ್ನೂರಿನಲ್ಲೋ ದಿನ ಗೊತ್ತುಮಾಡಿಕೊಳ್ಳಬಹುದು. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಆದರೆ ಮೇಲೆ ಇನ್ನೂ 2,000. ಮಂಗಳೂರಿನಲ್ಲಿ ಬಾಡಿಗೆಗಿದ್ದು ಊರಿನ ವಿಳಾಸ ಕೊಡುವವರು ಗಮನಿಸಿ: ಪೊಲೀಸರು ಬಂದಾಗ ಆ ಮನೆಯಲ್ಲಿ ನೀವು ಇಲ್ಲದಿದ್ದರೆ ವರದಿ ಪ್ರತಿಕೂಲವಾಗಿ ಹೋಗುತ್ತದೆ, ತಿಂಗಳುಗಟ್ಟಲೆ ಅಲೆದಾಟ.

ಕೆಲಸಕ್ಕೆ ಹೋಗುವವರಿಗೆ ಇನ್ನೆರಡು ಕೆಲಸವಿದೆ. ಒಂದು, ಪ್ರಮಾಣಪತ್ರಗಳ ದೃಢೀಕರಣ, ಬಾಯ್ಮಾತಿನಲ್ಲಿ ಅಟೆಸ್ಟೇಶನ್. ಪ್ರಮಾಣಪತ್ರ ಯಾವ ರಾಜ್ಯದ್ದೋ ಮೊದಲ ಮುದ್ರೆ ಆ ರಾಜ್ಯದ್ದೇ ಆಗಬೇಕು. ಕೇರಳದ ಪ್ರಮಾಣಪತ್ರಗಳನ್ನು ಅನಿವಾಸಿಗಳಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೋರ್ಕಾ ರೂಟ್ಸ್ ನೋಡಿಕೊಳ್ಳುತ್ತದೆ, ನಮಗೆ ಹತ್ತಿರದ್ದು ಅದರ ಕೋಝಿಕ್ಕೋಡ್ ಕೇಂದ್ರ. ಡಿಗ್ರಿ ಮಂಗಳೂರು ವಿಶ್ವವಿದ್ಯಾನಿಲಯದ್ದಾದರೆ ಅದರ ಹಾದಿ ಬೆಂಗಳೂರಿನ ಕಡೆಗೆ. ಕುಂಬಳೆಯ ಹುಡುಗನಿಗೆ ಪ್ಲಸ್ ಟು ಒಂದು ದಿಕ್ಕು, ಬಿಕಾಂ ಇನ್ನೊಂದು ದಿಕ್ಕು. ಎರಡನ್ನೂ ಒಂದೇ ಕವರಿನಲ್ಲಿ ಒಂದೇ ಕಡೆ ಕಳಿಸಿ ವಾರಗಟ್ಟಲೆ ಕಾದು ವಾಪಸು ಪಡೆಯುವುದು ಇಲ್ಲಿನ ಮಾಮೂಲಿ ತಪ್ಪು. ರಾಜ್ಯದ ಮುದ್ರೆಯ ಬಳಿಕ ವಿದೇಶಾಂಗ ಸಚಿವಾಲಯ. ಅಲ್ಲಿಂದ ಮುಂದಿನ ದಾರಿ ದೇಶವನ್ನು ಹೊಂದಿಕೊಂಡಿದೆ. ಒಮಾನ್, ಬಹರೇನ್, 2022ರ ಡಿಸೆಂಬರಿನಿಂದ ಸೌದಿ ಕೂಡ ಅಪೋಸ್ಟಿಲ್ ಒಪ್ಪಂದದಲ್ಲಿರುವ ದೇಶಗಳು, ಎಂದರೆ ಸಚಿವಾಲಯದ ಅಪೋಸ್ಟಿಲ್ ಮುದ್ರೆಯೊಂದೇ ಅವಕ್ಕೆ ಸಾಕು. ಯುಎಇ, ಕತಾರ್, ಕುವೈತಿಗೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೇ ಬೇಕು. ಮೂಲ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಿದ್ದರೆ ಮುದ್ರೆ ಒತ್ತಲು ಬರುವುದಿಲ್ಲ. ಅಂಗಡಿಯಲ್ಲಿ ಜಾಗ್ರತೆಯಾಗಿ ಬಿಡಿಸಿಕೊಳ್ಳಿ, ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ಪ್ರಯೋಗ ಮಾಡಬೇಡಿ.

ಎರಡು, ಇಸಿಆರ್, ಅಂದರೆ ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಈ ಮುದ್ರೆ ಇರುತ್ತದೆ. ಅದಿದ್ದವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಭಾರತ ಸರಕಾರದ ಇಮೈಗ್ರೇಟ್ ಜಾಲತಾಣದ ಮೂಲಕ ಎಮಿಗ್ರೇಶನ್ ಅನುಮತಿ ಪಡೆಯಲೇಬೇಕು. ಆಗ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಅಪಘಾತದಲ್ಲಿ ಸತ್ತರೆ ಅಥವಾ ಅಂಗವಿಕಲರಾದರೆ 10 ಲಕ್ಷ. ಹತ್ತನೇ ತರಗತಿ ಪಾಸಾಗಿಯೂ ಹಳೆಯ ಪಾಸ್‌ಪೋರ್ಟಿನಲ್ಲಿ ಇಸಿಆರ್ ಉಳಿದುಕೊಂಡವರು ನವೀಕರಿಸುವಾಗ ಅಂಕಪಟ್ಟಿ ತೋರಿಸಿ ತೆಗೆಸಿಬಿಡಿ. ಏಜೆಂಟರ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಅದೇ ಜಾಲತಾಣದಲ್ಲಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷದ ಮಾತೆತ್ತಿದರೆ ಎದ್ದು ಬನ್ನಿ. ‘ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸುವ’ ಎನ್ನುವವರನ್ನು ನಂಬಿ ಇಸಿಆರ್ ಪಾಸ್‌ಪೋರ್ಟ್ ಹಿಡಿದು ಹೊರಟರೆ ಇಮಿಗ್ರೇಶನ್ ಕೌಂಟರಿನಿಂದಲೇ ಹಿಂತಿರುಗುವ ಸಾಧ್ಯತೆಯಿದೆ. ನಿಜವಾಗಿಯೂ ನೆಂಟರನ್ನು ನೋಡಲು ಹೋಗುವವರು ವಾಪಸು ಟಿಕೆಟ್, ಉಳಿಯುವ ಮನೆಯ ವಿಳಾಸ, ಖರ್ಚಿಗೆ ಹಣವಿರುವುದಕ್ಕೆ ಪುರಾವೆ ಮೂರನ್ನೂ ಕಾಗದದಲ್ಲೇ ಇಟ್ಟುಕೊಳ್ಳಿ. ಮೊಬೈಲಿನ ಚಾರ್ಜು ಕೌಂಟರಿನ ಎದುರಿಗೇ ಮುಗಿಯುವುದು.

ಹಣ ಮತ್ತು ಫೋನಿನ ವಿಷಯ ಚುಟುಕಾಗಿ. ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರಿಗೆ ಸಮನಾದಷ್ಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಭಾರತದ ನೋಟು 25,000 ರೂಪಾಯಿ ಮೀರಬಾರದು. ವಾಪಸು ಬಂದಾಗ ಬಜಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಮನೆಗೆ ಬರುವ ಬಾಡಿಗೆಗೆ ಎರಡು ಸಾವಿರ ಬೇರೆಯೇ ಮಡಚಿಡಿ. ಕೆಲಸಕ್ಕೆ ಹೋಗಿ ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಊರಿನ ಆದಾಯಕ್ಕಿರುವ ಖಾತೆ) ಆಗಿ ಬದಲಿಸುವುದು ಕಾನೂನು, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ಬೇರೆ. ಬ್ಯಾಂಕಿನ ಫಾರಂ ಈಗಲೇ ತಂದಿಟ್ಟರೆ ಒಳ್ಳೆಯದು. ಒಟಿಪಿ ಬರುವ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಊರಿನಲ್ಲಿರುವಾಗಲೇ ತೆರೆಸಿ, ರೀಚಾರ್ಜ್ ಮಾಡುವ ಜವಾಬ್ದಾರಿ ಮನೆಯ ಒಬ್ಬರಿಗೆ ಒಪ್ಪಿಸಿ. ಸಿಮ್ ಸತ್ತರೆ ಬ್ಯಾಂಕೂ ಸತ್ತಂತೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ನಡೆಯುವ ಬೋಟಿಮ್‌ನಂಥ ಆ್ಯಪನ್ನು ಅಮ್ಮನ ಫೋನಿಗೂ ಹಾಕಿ, ಒಳಕೋಣೆಯಿಂದ ಜಗಲಿಗೆ ನಾಲ್ಕು ಸಲ ಕರೆ ಮಾಡಿಸಿ ಅಭ್ಯಾಸ ಮಾಡಿಸಿ.

ಇನ್ನು ಅಡುಗೆಮನೆ. ಇಲ್ಲಿ ತುಸು ನಿಧಾನವಾಗಿಯೇ ಹೋಗಬೇಕು. ನಮ್ಮ ತೋಟದ ಮತ್ತು ಒಲೆಯ ಸಾಮಾನಿನಲ್ಲೇ ನಿಷಿದ್ಧವಾದವು ಕೆಲವಿವೆ.

ಮೊದಲನೆಯದು ಗಸಗಸೆ. ಯುಎಇಯಲ್ಲೂ ಸೌದಿಯಲ್ಲೂ ಅದು ಮಾದಕ ಗಿಡದ ಬೀಜ, ಚಿಟಿಕೆಯಷ್ಟಿದ್ದರೂ ಜೈಲಿನ ಮಾತು. ಗಸಗಸೆಯ ಪೊಟ್ಟಣ ಇಡದಿದ್ದರಷ್ಟೇ ಸಾಲದು. ಮನೆಯಲ್ಲಿ ಹುರಿದು ಮಾಡಿದ ಮಸಾಲೆ ಪುಡಿಗೆ, ಉಂಡೆಗೆ, ಕಜ್ಜಾಯಕ್ಕೆ ಹಾಕಿದ್ದಾರೆಯೇ ಎಂದು ಮಾಡಿದವರನ್ನೇ ಕೇಳಿ. ಅತ್ತೆ ಕಳಿಸಿದ ಡಬ್ಬವಾದರೂ ಸರಿ, ‘ಅತ್ತೆ, ಇದಕ್ಕೆ ಗಸಗಸೆ ಹಾಕಿದ್ದೀರಾ?’ ಎಂದು ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚ ಬೇಡ. ಎರಡನೆಯದು ವೀಳ್ಯ. ದುಬೈ ಕಸ್ಟಮ್ಸಿನ ನಿಷೇಧ ಪಟ್ಟಿಯಲ್ಲಿ ವೀಳ್ಯದೆಲೆಯೂ ಸೇರಿ ಪಾನ್ ಸಾಮಗ್ರಿಯಿದೆ. ಅಡಕೆ ಬೆಳೆಯುವ ಊರಿನವರಿಗೆ ಇದು ನಗೆ ತರಿಸಬಹುದು, ಆದರೆ ಅಜ್ಜನ ಸಂಚಿ ಮನೆಯಲ್ಲೇ ಇರಲಿ. ಮೂರನೆಯದು ಕೊಬ್ಬರಿ. ಇದನ್ನು ತಡೆಯುವುದು ಅಲ್ಲಿಯವರಲ್ಲ, ಇಲ್ಲಿನ ವಿಮಾನ ಭದ್ರತೆಯವರು. ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದು. ಅಪಾಯಕಾರಿ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೇ ಇದೆ. 2022ರಿಂದ ಚೆಕ್-ಇನ್ ಬ್ಯಾಗಿನಲ್ಲೂ ಅದಕ್ಕೆ ತಡೆ. ಪೂಜೆಗೆಂದು ಒಯ್ಯುವ ಕರ್ಪೂರಕ್ಕೂ ಬೆಂಕಿಪೆಟ್ಟಿಗೆಗೂ ಇದೇ ಗತಿ. ಬತ್ತಿ ಒಯ್ಯಿರಿ, ಬೆಂಕಿಯ ಸಾಮಾನು ಅಲ್ಲಿಯೇ ಕೊಳ್ಳಿ.

ತೆಂಗಿನೆಣ್ಣೆ ಒಯ್ಯಬಹುದು. ಆದರೆ ಕಟ್ಟುವ ಕ್ರಮ ತಿಳಿದಿರಬೇಕು. ಸುಮಾರು 24 ಡಿಗ್ರಿಯ ಕೆಳಗೆ ಎಣ್ಣೆ ಗಟ್ಟಿಯಾಗುತ್ತದೆ. ಜನವರಿಯ ಬೆಳಗ್ಗೆ ಗಟ್ಟಿಯಾಗಿದ್ದುದನ್ನು ನೋಡಿ ‘ಇದೆಲ್ಲಿ ಸೋರುತ್ತದೆ’ ಎಂದು ಸಡಿಲಾಗಿ ಮುಚ್ಚುತ್ತಾರೆ. ಇಳಿದ ಮೇಲೆ ಬಿಸಿಲಲ್ಲಿ ನಿಂತ ಲಗೇಜ್ ಗಾಡಿಯಲ್ಲಿ ಅದು ನೀರಾಗಿ, ಹೊಸ ಅಂಗಿಗಳೆಲ್ಲ ಎಣ್ಣೆಯಲ್ಲಿ ಅದ್ದಿದಂತಾಗುತ್ತವೆ. ಗಾಜಿನ ಬಾಟಲಿ ಬೇಡ, ದಪ್ಪ ಪ್ಲಾಸ್ಟಿಕ್ಕಿನದ್ದು ಸಾಕು. ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿಸಿ. ವಿಮಾನ ಮೇಲೇರಿದಾಗ ಒತ್ತಡ ಕಡಿಮೆಯಾಗಿ ಬಾಟಲಿಯೊಳಗಿನ ಗಾಳಿ ಉಬ್ಬುತ್ತದೆ, ಎಣ್ಣೆಯನ್ನು ಮುಚ್ಚಳದ ಸಂದಿಗೆ ದೂಡುವುದು ಅದೇ. ಹಾಗಾಗಿ ಬಾಟಲಿಯ ಹೊಟ್ಟೆಯನ್ನು ಮೆಲ್ಲನೆ ಅದುಮಿ ಹಿಡಿದು, ಗಾಳಿ ಹೊರಹೋದ ಮೇಲೆ ಮುಚ್ಚಳ ತಿರುಗಿಸಿ. ಮುಚ್ಚುವ ಮುಂಚೆ ಬಾಯಿಗೆ ಒಂದು ಚದರ ಪ್ಲಾಸ್ಟಿಕ್ ಹಾಳೆ ಇಡಿ. ಕುತ್ತಿಗೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಪಸೆ ಇದ್ದರೆ ಟೇಪು ಹಿಡಿಯುವುದಿಲ್ಲ. ಟೇಪನ್ನು ಮುಚ್ಚಳ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿ. ಎದುರು ದಿಕ್ಕಿಗೆ ಎಳೆದರೆ ನೀವೇ ಸಡಿಲಿಸಿದಂತೆ. ಆಮೇಲೆ ಎರಡು ಪ್ಲಾಸ್ಟಿಕ್ ಚೀಲ, ಬೇರೆಬೇರೆ ಗಂಟು, ಅದರ ಮೇಲೆ ಹಳೆ ಬೈರಾಸು. ಜಾಗ ಸೂಟ್‌ಕೇಸಿನ ನಡುವೆ, ಮೂಲೆಯಲ್ಲಲ್ಲ. ಒಂದು ತಲೆಗೆ ಎಷ್ಟು ಲೀಟರ್ ಬಿಡುತ್ತಾರೆ ಎಂಬುದು ವಿಮಾನ ಸಂಸ್ಥೆಗೊಂದು ರೀತಿ, ಟಿಕೆಟಿನ ಜೊತೆಗೇ ಕೇಳಿಕೊಳ್ಳಿ.

ಉಪ್ಪಿನಕಾಯಿಯಾದರೆ ಹಾಕಿ ತಿಂಗಳಾದರೂ ಆದದ್ದನ್ನೇ ಒಯ್ಯಿರಿ. ಮೊನ್ನೆ ಮೊನ್ನೆ ಹಾಕಿದ್ದು ಇನ್ನೂ ಹುದುಗುತ್ತಿರುತ್ತದೆ, ಮುಚ್ಚಳ ಎಬ್ಬಿಸುತ್ತದೆ. ಉಪ್ಪುನೀರಿನ ಮಾವಿನಮಿಡಿಯ ನೀರು ಬಸಿದು ಬರೀ ಮಿಡಿ ತೆಗೆದುಕೊಳ್ಳಿ, ಅಲ್ಲಿ ಹೊಸ ಉಪ್ಪುನೀರು ಮಾಡಿ ಹಾಕಿದರಾಯಿತು. ಹಲಸಿನ ಹಪ್ಪಳವನ್ನು ಹೊರಡುವ ಹಿಂದಿನ ದಿನ ಮತ್ತೊಮ್ಮೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಕಟ್ಟಬೇಕು. ಬಿಸಿಯಿದ್ದಾಗಲೇ ಕಟ್ಟಿದರೆ ಒಳಗೆ ಬೆವರಿ ಬೂಸಲು ಬರುತ್ತದೆ. ಇಪ್ಪತ್ತೈದರ ಕಟ್ಟು ಮಾಡಿ ಸ್ಟೀಲು ಡಬ್ಬದಲ್ಲಿ ಅಲುಗಾಡದಂತೆ ಬಟ್ಟೆ ತುರುಕಿ. ಒಣಮೀನಿಗೆ ಅಂಗಡಿಯಲ್ಲೇ ಗಾಳಿ ತೆಗೆದು ಸೀಲ್ ಮಾಡಿಸಿ, ಇಲ್ಲವಾದರೆ ಬಿಡಿ. ಮೂರು ಚೀಲ ಸುತ್ತಿದರೂ ವಾಸನೆ ಅಂಗಿಗೆ ಹತ್ತುತ್ತದೆ. ಕುಚ್ಚಲಕ್ಕಿ ಹೊತ್ತುಕೊಂಡು ಹೋಗುವವರಿದ್ದಾರೆ. ಐದು ಕಿಲೋ ಜಾಗಕ್ಕೆ ಅದು ದಂಡ, ಕೇರಳದವರ ಅಂಗಡಿ ಇರುವಲ್ಲೆಲ್ಲ ಅಲ್ಲಿ ಸಿಗುತ್ತದೆ. ಮೆಟ್ಟುಕತ್ತಿ, ಚೂರಿ ಚೆಕ್-ಇನ್ ಬ್ಯಾಗಿಗೆ, ಬಾಯಿಗೆ ರಟ್ಟು ಸುತ್ತಿ.

ಮದ್ದು ಕೈಚೀಲದಲ್ಲಿರಲಿ. ಮಾತ್ರೆಗಳನ್ನು ಡಬ್ಬಕ್ಕೆ ಸುರಿಯಬೇಡಿ, ಹೆಸರು ಓದಲು ಬರುವ ಪಟ್ಟಿಯಲ್ಲೇ (ಸ್ಟ್ರಿಪ್‌ನಲ್ಲೇ) ಇರಬೇಕು. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರುವಂತೆ ಬರೆಸಿ. ಟ್ರಮಾಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಲ್‌ಪ್ರಜೋಲಾಮ್‌ನಂಥ ನಿದ್ದೆಯ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಇವು ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಬೇಕೇಬೇಕಾದರೆ ಅಲ್ಲಿನ ಸರಕಾರದಿಂದ ಹೊರಡುವ ಮೊದಲೇ ಅನುಮತಿ ಪಡೆಯಬೇಕು. ಸೊಂಟನೋವಿಗೆ ಊರಿನಲ್ಲಿ ಸುಲಭವಾಗಿ ಕೊಡುವ ಮಾತ್ರೆಯಲ್ಲೂ ಇವುಗಳಲ್ಲೊಂದು ಇರಬಹುದು, ಪಟ್ಟಿಯ ಹಿಂಬದಿ ಓದಿ. ಇನ್ಸುಲಿನ್ ಕೆಳಗಿನ ಸರಕಿನ ಕೋಣೆಗೆ ಹಾಕಲೇಬಾರದು, ಹೆಪ್ಪುಗಟ್ಟಿದರೆ ಅದರ ಶಕ್ತಿ ಹೋಯಿತು.

ಪವರ್ ಬ್ಯಾಂಕಿಗೂ ಕೈಚೀಲವೇ ಜಾಗ. ಲೆಕ್ಕ ಹೀಗೆ: ಮೇಲೆ ಬರೆದಿರುವ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 20,000 ಎಂಎಎಚ್‌ನದ್ದು 74 ವ್ಯಾಟ್ ಅವರ್. ನೂರರೊಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲಿನದ್ದಕ್ಕೆ ಪ್ರವೇಶವಿಲ್ಲ. ಸಂಖ್ಯೆ ಅಳಿಸಿಹೋಗಿದ್ದರೆ ಹೊಸದು ಕೊಳ್ಳಿ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಅದನ್ನು ಬಳಸುವುದನ್ನೇ ನಿಲ್ಲಿಸಿದೆ. ಯುಎಇಯಂಥ ಕಡೆ ಗೋಡೆಯ ಸಾಕೆಟ್ ಚೌಕ ಕಾಲಿನ ಮೂರು ಪಿನ್ನಿನದ್ದು, ನಮ್ಮ ಉರುಟು ಪಿನ್ ಹೋಗುವುದಿಲ್ಲ, ಅಡಾಪ್ಟರ್ ಒಂದೆರಡು ಇರಲಿ.

ತೂಕ ಟಿಕೆಟಿನಲ್ಲಿ ಬರೆದದ್ದೇ ಅಂತಿಮ. 20 ಇದೆಯೋ 30 ಇದೆಯೋ ನೋಡಿಯೇ ಕಟ್ಟಲು ಕೂರಿ, ಕಳೆದ ಸಲದ ಲೆಕ್ಕ ಹಿಡಿಯಬೇಡಿ. ಕೈಚೀಲ 7 ಕಿಲೋ. ಯಾವುದೇ ಒಂದು ಪೆಟ್ಟಿಗೆ 32 ಕಿಲೋ ದಾಟಬಾರದು. ಅಡಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಬೇರೇನೂ ಬೇಡ, ಒಂದು ಕಿಲೋ ಕಡಿಮೆಯೇ ಇರುವಂತೆ ತೂಗಿ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ಒಯ್ಯುವ ಹಳೆಯ ರೂಢಿ ಈಗ ಎಲ್ಲ ಕಡೆ ನಡೆಯುವುದಿಲ್ಲ. ಬಟ್ಟೆಯ ಗಂಟಿನದ್ದೂ ಅದೇ ಕತೆ: ದುಬೈ ವಿಮಾನ ನಿಲ್ದಾಣ 2017ರಿಂದ ಒಂದಾದರೂ ಚಪ್ಪಟೆ ಬದಿಯಿಲ್ಲದ ಉರುಟು ಗಂಟುಗಳನ್ನು ಒಪ್ಪುವುದಿಲ್ಲ, ಬೆಲ್ಟಿನಲ್ಲಿ ಸಿಕ್ಕಿಬೀಳುತ್ತವೆ ಎಂಬುದು ಕಾರಣ. ಮೈಮೇಲೆ ಮದುವೆಯ ಚಿನ್ನ ಹೆಚ್ಚಿಗೆ ಇದ್ದರೆ ಹೊರಡುವಾಗಲೇ ಕಸ್ಟಮ್ಸಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲವಾದರೆ ಹಿಂತಿರುಗುವಾಗ ಅದು ನಿಮ್ಮದೇ ಹಳೆಯ ಚಿನ್ನ ಎಂದು ನಂಬಿಸುವ ಕೆಲಸ ನಿಮ್ಮ ತಲೆಗೆ.

ನೆರೆಕರೆಯವರು ತಂದುಕೊಡುವ ಪೊಟ್ಟಣಗಳೇ ಎಲ್ಲಕ್ಕಿಂತ ನಾಜೂಕಿನ ವಿಷಯ. ‘ಮಗನಿಗೆ ಸ್ವಲ್ಪ ತಿಂಡಿ’ ಎಂದು ಹೊಲಿದು ಟೇಪು ಸುತ್ತಿ ತರುತ್ತಾರೆ. ಕಸ್ಟಮ್ಸಿನ ಎದುರು ಆ ಪೊಟ್ಟಣ ನಿಮ್ಮದೇ. ‘ಅಕ್ಕಾ, ತೂಕ ಹೊಂದಿಸಬೇಕು, ಬಿಡಿಸಿ ನಾನೇ ಕಟ್ಟುತ್ತೇನೆ’ ಎಂದು ಅವರೆದುರಿಗೇ ಬಿಡಿಸಿ. ಒಪ್ಪದಿದ್ದರೆ ಒಯ್ಯಬೇಡಿ. ಪರಿಚಯವಿಲ್ಲದವರು ವಿಮಾನ ನಿಲ್ದಾಣದ ಬಾಗಿಲಲ್ಲಿ ಕೊಡುವುದನ್ನಂತೂ ಮುಟ್ಟಲೇಬಾರದು.

ಇನ್ನು ದಿನ ಮತ್ತು ದಾರಿ. ಗಲ್ಫಿನ ವಿಮಾನಗಳಲ್ಲಿ ನಡುರಾತ್ರಿಯವು ಹಲವು. ಟಿಕೆಟಿನಲ್ಲಿ 14ನೇ ತಾರೀಕು 00:40 ಎಂದಿದ್ದರೆ ಮನೆ ಬಿಡಬೇಕಾದ್ದು 13ರ ಸಂಜೆ. ಹದಿನಾಲ್ಕರ ರಾತ್ರಿ ಊಟ ಮಾಡಿ ಹೊರಟು ವಿಮಾನ ತಪ್ಪಿಸಿಕೊಳ್ಳುವುದು ಪ್ರತಿವರ್ಷದ ಕತೆ. ಕಾಸರಗೋಡು ಪೇಟೆಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು 60 ಕಿ.ಮೀ. ತಲಪಾಡಿ, ತೊಕ್ಕೊಟ್ಟು, ಪಂಪ್‌ವೆಲ್, ನಂತೂರು, ಮರವೂರು ಸೇತುವೆ ದಾಟಿ ನಿಲ್ದಾಣವಿರುವ ಕೆಂಜಾರು. ರಸ್ತೆ ಖಾಲಿಯಿದ್ದರೆ ಒಂದೂವರೆ ಗಂಟೆ, ಸಂಜೆಯ ಹೊತ್ತಿಗೆ ಎರಡೂವರೆ, ಜುಲೈಯ ಮಳೆಗೆ ಇನ್ನೂ ಅರ್ಧ ಸೇರಿಸಿ. ಕಣ್ಣೂರು ವಿಮಾನ ನಿಲ್ದಾಣವಿರುವುದು ಮಟ್ಟನ್ನೂರಿನಲ್ಲಿ, ಕಾಸರಗೋಡಿನಿಂದ ನೂರು ಕಿ.ಮೀ.ಗೂ ಮಿಕ್ಕಿ. ಕಾಞಂಗಾಡಿನ ದಕ್ಷಿಣದವರಿಗೆ ಮಾತ್ರ ಲೆಕ್ಕ ಹಾಕಿ ನೋಡಲು ಯೋಗ್ಯ. ಹೊರಡುವ ಸಮಯಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಿ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಒಂದೊಂದು ನಕಲು ಮನೆಯಲ್ಲಿರಲಿ, ಜೊತೆಗೆ ನೋರ್ಕಾದ ಸಹಾಯವಾಣಿ 1800 425 3939 ಬರೆದಿಡಿ. ಯುಎಇಗೆ ಹೋಗುವವರು ಅಲ್ಲಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342 ಅನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ. ಬಿಡಲು ಬಂದವರನ್ನು ಬಾಗಿಲಿನಿಂದಲೇ ಕಳುಹಿಸಬೇಡಿ. ಒಂದು ಖಾಲಿ ಚೀಲ ಹಿಡಿದು ಪಾರ್ಕಿಂಗಿನಲ್ಲಿ ಕಾಯಲಿ. ತೂಕ ಹೆಚ್ಚಾಗಿ ಹೊರತೆಗೆದ ಎಣ್ಣೆ, ಬೇಡವೆಂದ ಕೊಬ್ಬರಿ ಕಸದಬುಟ್ಟಿಗೆ ಬೀಳದೆ ವಾಪಸು ಮನೆ ಸೇರಬೇಕಾದರೆ, ಬೋರ್ಡಿಂಗ್ ಪಾಸ್ ಕೈಗೆ ಬಂತು ಎಂಬ ನಿಮ್ಮ ಫೋನು ಬರುವವರೆಗೆ ಅವರು ಅಲ್ಲಿರಬೇಕು.